ಗೆರ್ಸಿಯಲ್ಲಿ ಕೇರಿದ ಸ್ಪ್ರಿಂಗು

ಬ್ರಹ್ಮಾವರ

ಜರ್ಮನಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು, ಹಿಮ ಬೀಳುತ್ತಿತ್ತಾ ಎಂದು. ಬೀಳುತ್ತಿರಲಿಲ್ಲ. ಆಮೇಲೆ ಕೇಳುವುದು, ಊಟಕ್ಕೆ ಏನು ಮಾಡಿದಿರಿ ಎಂದು. ಅದನ್ನು ಮುಂದೆ ಹೇಳುತ್ತೇನೆ. ಯಾಕೆ ಹೋದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ವಯಸ್ಸಿನ ಹೆಂಗಸರು ಪರದೇಶಕ್ಕೆ ಹೋಗುವುದು ಮಗಳ ಬಾಣಂತನಕ್ಕೆ ಎಂದೇ ನಮ್ಮ ಕಡೆಯ ತಿಳಿವಳಿಕೆ. ನಾನು ಹೋದದ್ದು ಸ್ಪ್ರಿಂಗು ಹಿಡಿದುಕೊಂಡು.

ಸುಮನಾ ನನ್ನ ತಮ್ಮನ ಮಗಳು, ಇಂಜಿನಿಯರು. ಬೈಂದೂರಿನ ಹತ್ತಿರ ಯಡ್ತರೆಗೆ ಮದುವೆಯಾದವಳು. ಬ್ರಹ್ಮಾವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಶೆಡ್ಡು ಹಿಡಿದು ವಯರು ಜೋಡಿಸುವ ಟರ್ಮಿನಲ್ ಮಾಡಿಸುತ್ತಾಳೆ. ಬೆರಳಿನ ಉಗುರಿನಷ್ಟು ದೊಡ್ಡ ವಸ್ತು. ಸ್ಕ್ರೂ ಇಲ್ಲ. ವಯರಿನ ತುದಿಯನ್ನು ತೂತಿಗೆ ತಳ್ಳಿದರೆ ಒಳಗಿನ ಸ್ಪ್ರಿಂಗು ಅದನ್ನು ಕಚ್ಚಿ ಹಿಡಿಯುತ್ತದೆ. ಒಂದು ಪ್ಲಾಸ್ಟಿಕ್ ಗೂಡು, ಒಂದು ತಾಮ್ರದ ಪಟ್ಟಿ, ಒಂದು ಉಕ್ಕಿನ ಸ್ಪ್ರಿಂಗು, ಅಷ್ಟೇ ಸಾಮಾನು. ಲಿಫ್ಟಿನ ಗುಂಡಿ ಒತ್ತಿದರೆ ಲಿಫ್ಟು ಬರುವುದರ ಹಿಂದೆ ಇಂಥವು ಸಾಲುಸಾಲಾಗಿ ಕುಳಿತಿರುತ್ತವೆ.

ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದವಳು. ನಿವೃತ್ತಳಾಗಿ ಕುಂದಾಪುರದ ಹತ್ತಿರದ ನಮ್ಮೂರು ಗುಲ್ವಾಡಿಗೆ ಬಂದ ಮೇಲೆ ಕೈ ಕಟ್ಟಿ ಕೂರಲು ಆಗಲಿಲ್ಲ. ಸುಮನಾಳ ಶೆಡ್ಡಿನಲ್ಲಿ ಸ್ಟೋರು ಮತ್ತು ಪ್ಯಾಕಿಂಗ್ ನನ್ನದು. ಬೆಳಿಗ್ಗೆ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬ್ರಹ್ಮಾವರಕ್ಕೆ ಇನ್ನೊಂದು. ಶೆಡ್ಡಿನಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಕೆಲಸಕ್ಕೂ ಒಂದು ಹೊತ್ತು. ಹುಡುಗಿಯರು ಬೆನ್ನ ಹಿಂದೆ ನನ್ನನ್ನು 'ಗಡಿಯಾರದಮ್ಮ' ಅನ್ನುತ್ತಾರೆ. ಗೊತ್ತಿದೆ. ಬೇಸರವಿಲ್ಲ.

ನಮ್ಮ ಸಾಮಾನಿನ ದೊಡ್ಡ ಪಾಲು ಹೋಗುವುದು ಜರ್ಮನಿಯ ಒಂದು ಕಂಪನಿಗೆ. ಇಷ್ಟು ವರ್ಷ ನಮ್ಮ ಹೆಂಗಸರೇ ಕೈಯಲ್ಲಿ ಜೋಡಿಸಿ ಕೊಡುತ್ತಿದ್ದರು. ಕಳೆದ ವರ್ಷ ಆ ಕಂಪನಿಯವರು ಜೋಡಿಸುವ ಯಂತ್ರ ತಂದರು. ಇನ್ನು ಮೇಲೆ ಬಿಡಿ ಸಾಮಾನು ಕಳಿಸಿದರೆ ಸಾಕು, ಯಂತ್ರಕ್ಕೆ ಹೊಂದುವುದಾದರೆ ನಿಮ್ಮಿಂದಲೇ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದರು. ಬೇರೆ ಕಡೆ ನೋಡಿದರೆ ನಮ್ಮ ಶೆಡ್ಡಿಗೆ ಬೀಗ. ಒಪ್ಪಿದರೆ ಪ್ರೆಸ್ಸು, ತಪಾಸಣೆ, ಪ್ಯಾಕಿಂಗ್ ಎಂದು ಎಲ್ಲರಿಗೂ ಕೈತುಂಬ ಕೆಲಸ.

ಕೈಗೂ ಯಂತ್ರಕ್ಕೂ ಒಂದೇ ವ್ಯತ್ಯಾಸ. ನಮ್ಮ ಹೆಂಗಸರು ಸ್ಪ್ರಿಂಗನ್ನು ಎರಡು ಬೆರಳಲ್ಲಿ ಅದುಮಿ, ಒಂಚೂರು ತಿರುಚಿ ಗೂಡಿನೊಳಗೆ ಜಾರಿಸುತ್ತಾರೆ. ಯಂತ್ರಕ್ಕೆ ತಿರುಚಲು ಬರುವುದಿಲ್ಲ. ಅದು ಮೇಲಿಂದ ನೇರವಾಗಿ ಇಳಿಸುತ್ತದೆ. ಹಾಗಾಗಿ ಸುಮನಾ ಇಡೀ ವಸ್ತುವನ್ನು ಹೊಸದಾಗಿ ಗೀಚಿದಳು. ಗೂಡಿನ ಬಾಯಿ ಮೇಲಕ್ಕೆ ಬಂತು. ಗೋಡೆಗೆ ಇಳಿಜಾರು ಬಂತು. ಒಳಗೆ ಒಂದು ಪುಟ್ಟ ಕೊಕ್ಕೆ ಬಂತು, ಸ್ಪ್ರಿಂಗು ಇಳಿದ ಕೂಡಲೇ ಅದರ ಕಾಲನ್ನು ಹಿಡಿದುಕೊಳ್ಳಲು. ಬಲ ಎಡ ಎಂಬ ಗೊಂದಲವೇ ಬೇಡ ಎಂದು ಸ್ಪ್ರಿಂಗಿನ ಎರಡು ಮಗ್ಗುಲನ್ನೂ ಒಂದೇ ಥರ ಮಾಡಿದಳು.

ಉಳಿದದ್ದು ಒಂದು ಸಂಶಯ. ಯಂತ್ರಕ್ಕೆ ಸ್ಪ್ರಿಂಗುಗಳನ್ನು ಸಾಲಾಗಿ ಕೊಡುವವರಿಲ್ಲ. ಒಂದು ಬೋಗುಣಿಗೆ ಸುರಿಯುತ್ತಾರೆ, ಬೋಗುಣಿ ಅಲುಗಾಡಿ ಒಂದೊಂದಾಗಿ ಹೊರಗೆ ಕಳಿಸುತ್ತದೆ. ಅಲುಗಾಡುವಾಗ ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ಯಂತ್ರ ನಿಂತಿತು. ಅಂಥ ಬೋಗುಣಿ ನಮ್ಮಲ್ಲಿ ಎಲ್ಲಿದೆ?

"ಎಂತಕ್ ತಲೆಬಿಸಿ ಮಾಡ್ಕಂತ್ರಿ?" ಎಂದಳು ಜಲಜಕ್ಕ. ಕುಂದಾಪುರದ ಕೋಡಿಯವಳು, ಮನೆಯ ಗಂಡಸರೆಲ್ಲ ಬೋಟಿಗೆ ಹೋಗುವವರು. ಜೋಡಿಸುವ ಮೇಜಿನಲ್ಲಿ ಅವಳೇ ಹಿರಿಯಳು. "ಅಕ್ಕಿ ಕೇರ್ದಂಗ್ ಕೇರಿ ಕಾಂಬ. ಸಿಕ್ಕಂಬುದಾರೆ ಈಗ್ಲೇ ಸಿಕ್ಕಂತ್ತ್."

ಮರುದಿನ ಮನೆಯಿಂದ ಗೆರ್ಸಿ ತಂದಳು. ಬೇರೆ ಕಡೆಯವರು ಇದನ್ನು ಮೊರ ಎನ್ನುತ್ತಾರೆ. ಸ್ಪ್ರಿಂಗು ತುಂಬಿ ಕೇರಿದಳು. ಛಣ್ ಛಣ್ ಎಂದು ಮೇಲೆ ಹಾರಿ ಕೆಳಗೆ ಬಿದ್ದವು. ಒಂದೂ ಜೋಡಿಯಾಗಲಿಲ್ಲ. "ಕಾಣಿ, ಅರಳ್ ಹಾರ್ದಂಗ್ ಹಾರ್ತ್" ಎಂದಳು. ಸುಮನಾಳ ಮುಖ ಸಡಿಲವಾಯಿತು. ನಾನೂ ಒಪ್ಪಿದೆ.

ಹೊರಡುವ ಹಿಂದಿನ ದಿನ ಗೆರ್ಸಿ ಮನೆಗೆ ಕೊಂಡುಹೋಗು ಎಂದರೆ ಜಲಜಕ್ಕ ಕೇಳಲಿಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿದಳು. "ನೀವ್ ಹೋಯ್ ಬಪ್ಪಲ್ಲಿವರೆಗೆ ಇಲ್ಲೇ ಇರ್ಲಿ. ಕೆಲ್ಸ ಉಳಿದ್ರೆ ತಕಂಡ್ ಹೋತೆ. ಉಳೀದಿದ್ರೆ ನಂಗ್ ಕೇರುಕೆ ಅಕ್ಕಿಯಾರೂ ಎಲ್ಲಿಂದ?" ಎಂದು ನಕ್ಕಳು. ಉಳಿದವರೂ ನಕ್ಕರು. ಆ ನಗುವನ್ನು ನಾನು ಜರ್ಮನಿಯ ತನಕ ಹೊತ್ತುಕೊಂಡೇ ಹೋದೆ.

ಮುಂಬೈಯ ತಪಾಸಣೆ

ಸುಮನಾಳ ಜೊತೆ ಹೋಗಬೇಕಾಗಿದ್ದವನು ಪ್ರೆಸ್ಸು ನೋಡಿಕೊಳ್ಳುವ ಭಾಸ್ಕರ. ಅವನ ಹೆಂಡತಿಗೆ ದಿನ ತುಂಬಿದ್ದರಿಂದ ಅವನ ಬದಲು ನಾನು ಹೊರಟೆ. ನನ್ನ ಪಾಸ್‌ಪೋರ್ಟು ಸಿದ್ಧವಿತ್ತು, ಸಿದ್ಧವಿಲ್ಲದ ಕಾಗದ ನನ್ನ ಕಪಾಟಿನಲ್ಲಿ ಇರುವುದಿಲ್ಲ.

ಸ್ಪ್ರಿಂಗಿನ ಡಬ್ಬಿಗಳಲ್ಲಿ ಒಂದನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆವು, ದೊಡ್ಡ ಪೆಟ್ಟಿಗೆ ಎಲ್ಲಾದರೂ ತಪ್ಪಿದರೆ ಎಂದು. ವಿಮಾನ ನಿಲ್ದಾಣದ ತಪಾಸಣೆಯ ಪರದೆಯಲ್ಲಿ ಅದು ಏನಾಗಿ ಕಂಡಿತೋ, ಒಬ್ಬ ತರುಣ ಅಧಿಕಾರಿ ಚೀಲ ಬಿಚ್ಚಿಸಿದ. ಇದೇನು ಎಂದ. ಸ್ಪ್ರಿಂಗು ಎಂದೆ. ಯಾತರದ್ದು ಎಂದ. ನಾನು ನನ್ನ ಹಳೆಯ ಮರಾಠಿಯಲ್ಲಿ ಲಿಫ್ಟಿನಿಂದ ಶುರುಮಾಡಿದೆ. ಅವನಿಗೆ ತಾಳ್ಮೆ ಇರಲಿಲ್ಲ. ಜೋಡಿಸಿದ ಒಂದು ಟರ್ಮಿನಲ್ ಎತ್ತಿ, ಇದರ ತೂತಿನಲ್ಲಿ ಏನಿದೆ ಎಂದು ಕಿರುಬೆರಳಿನ ಉಗುರು ತೂರಿಸಿದ. ಸ್ಪ್ರಿಂಗು ತನ್ನ ಕೆಲಸ ಮಾಡಿತು.

ಬಿಡಿಸಿಕೊಟ್ಟವಳು ನಾನು. ಗೂಡಿನ ಮೇಲಿನ ಪುಟ್ಟ ಗುಂಡಿ ಒತ್ತಬೇಕು, ಎಳೆಯಬಾರದು. ಚೀಲದಲ್ಲಿದ್ದ ಗಾಯದ ಪಟ್ಟಿಯನ್ನೂ ಅಂಟಿಸಿದೆ. ಅವನು ಸುತ್ತ ಯಾರಾದರೂ ನೋಡಿದರೋ ಎಂದು ನೋಡಿ, "ಜಾ, ಮಾವ್ಶಿ," ಹೋಗು ಚಿಕ್ಕಮ್ಮ ಎಂದು ಬಿಟ್ಟ. ವಿಮಾನದಲ್ಲಿ ಕೂತ ಮೇಲೆ ಸುಮನಾ ಹೇಳಿದಳು, "ಅತ್ತೆ, ಹಿಡಿತ ಚೆನಾಗಿತ್ತ್ ಅಂದೇಳಿ ಒಂದ್ ಸರ್ಟಿಫಿಕೇಟ್ ಸಿಕ್ಕಿತ್ ಕಾಣಿ."

ಇಂಗ್ರಿಡ್‌ಳ ಮನೆ

ನಾವು ಇಳಿದದ್ದು ಜರ್ಮನಿಯ ದಕ್ಷಿಣದ ಒಂದು ಸಣ್ಣ ಪೇಟೆ. ನಡುವೆ ಹೊಳೆ, ಎರಡೂ ದಡದಲ್ಲಿ ಮನೆಗಳು. ನಮ್ಮ ಗುಲ್ವಾಡಿಯ ಹೊಳೆಯಷ್ಟೇ ಅಗಲ, ಆದರೆ ಒಬ್ಬರೂ ಬಟ್ಟೆ ಒಗೆಯುವುದಿಲ್ಲ, ಒಬ್ಬರೂ ಗಾಳ ಹಾಕಿ ಕೂತು ದಾರಿಹೋಕರನ್ನು ಮಾತಿಗೆಳೆಯುವುದಿಲ್ಲ. ಹೊಳೆ ತನ್ನ ಪಾಡಿಗೆ, ಜನ ತಮ್ಮ ಪಾಡಿಗೆ.

ಬಾಡಿಗೆಗೆ ಹಿಡಿದ ಕೋಣೆಯ ಒಡತಿ ಇಂಗ್ರಿಡ್. ನನಗಿಂತ ಸ್ವಲ್ಪ ಹಿರಿಯಳು, ನನಗಿಂತ ಒಂದು ಗೇಣು ಎತ್ತರ. ಮೊದಲ ಹತ್ತು ನಿಮಿಷದಲ್ಲಿ ನಮಗೆ ಚಪ್ಪಲಿ ಎಲ್ಲಿ ಬಿಡಬೇಕು, ಕೊಡೆ ಎಲ್ಲಿ ಇಡಬೇಕು, ಯಾವ ಕಸ ಯಾವ ಡಬ್ಬಿಗೆ ಎಂದು ಕಲಿಸಿದಳು. ಅವಳ ಇಂಗ್ಲಿಷು ಅಲ್ಪ, ತೋರುಬೆರಳು ಧಾರಾಳ. ಬಾಳೆಹಣ್ಣಿನ ಸಿಪ್ಪೆ ಒಂದು ಡಬ್ಬಿಗೆ. ಆ ಸಿಪ್ಪೆಯ ಮೇಲೆ ಅಂಟಿಸಿದ ಚೀಟಿ ಇನ್ನೊಂದಕ್ಕೆ. ಸುಮನಾ ಕಣ್ಣು ಅರಳಿಸಿದಳು. ನನಗೆ ತವರಿಗೆ ಬಂದ ಹಾಗಾಯಿತು. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಾಗ ಸಹ ಕೆಂಪು ದೀಪ ಆರುವ ತನಕ ಜನ ನಿಂತೇ ಇರುತ್ತಾರೆ. ನಾನೂ ಅವರ ಜೊತೆ ನೆಟ್ಟಗೆ ನಿಂತೆ. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಹೀಗೆ ನಿಂತರೆ ಯಾರಾದರೂ ಬಂದು, ಹ್ವಾಯ್, ತಲೆ ತಿರುಗಿತಾ ಎಂದು ಕೇಳಿ ನೀರು ಕೊಡುತ್ತಾರೆ.

ಊಟದ ಮಾತು. ಬೆಳಿಗ್ಗೆ ಇಂಗ್ರಿಡ್ ಕೊಡುವ ಬ್ರೆಡ್ಡು ನಮ್ಮ ಕಡೆಯ ಈಳಿಗೆ, ಮೆಟ್ಟುಗತ್ತಿ, ಅದಕ್ಕೂ ಬಗ್ಗದಂಥದ್ದು. ಮೀನು ಇದೆ ಎಂದು ಆಸೆಯಿಂದ ಕೂತರೆ, ಹುಳಿನೀರಿನಲ್ಲಿ ನೆನೆಸಿದ ಹಸಿ ಮೀನನ್ನು ಈರುಳ್ಳಿಯ ಜೊತೆ ತಣ್ಣಗೆ ತಂದಿಟ್ಟಳು. ಬಂಗುಡೆಯನ್ನು ಕೆಂಪಗೆ ಕುದಿಸಿ ತಿಂದ ನಾಲಿಗೆ. ಆದರೂ ತಟ್ಟೆಗೆ ಬಡಿಸಿದ್ದನ್ನು ಬಿಡುವ ಅಭ್ಯಾಸ ನನಗಿಲ್ಲ. ತಿಂದೆ. ಮಧ್ಯಾಹ್ನಕ್ಕೆ ಅಕ್ಕಿ ಕೊಂಡು ತಂದೆ.

ಶುಕ್ರವಾರ, ಕಾರ್ಖಾನೆ

ಕಾರ್ಖಾನೆಯ ನೆಲ ನಮ್ಮ ಥಿಯೇಟರಿನ ನೆಲದ ಹಾಗೆ ಹೊಳೆಯುತ್ತಿತ್ತು. ನಮ್ಮನ್ನು ಬರಮಾಡಿಕೊಂಡ ಮೇಲಧಿಕಾರಿ ಮಾರ್ಟಿನ್ ಬಡಕಲು ಮನುಷ್ಯ, ಮೆಲುದನಿ. ಯಂತ್ರ ನಡೆಸುವವನು ಊವೆ, ಅಗಲ ಎದೆ, ಕೆಂಪು ಗಡ್ಡ.

ಯಂತ್ರದ ಒಂದು ಮೂಲೆಯಲ್ಲಿ ಆ ಬೋಗುಣಿ. ಉಕ್ಕಿನದು, ಅನ್ನ ಬಸಿಯುವ ಪಾತ್ರೆಯಷ್ಟು ಅಗಲ. ಒಳಗೋಡೆಗೆ ಸುತ್ತುಸುತ್ತಾಗಿ ಮೇಲೇರುವ ಕಿರಿದಾದ ಅಂಚು, ಥೇಟು ಘಾಟಿಯ ರಸ್ತೆ. ಊವೆ ನಮ್ಮ ಸ್ಪ್ರಿಂಗು ಸುರಿದು ಗುಂಡಿ ಒತ್ತಿದ. ಬೋಗುಣಿ ಗುಂಯ್ ಎಂದು ನಡುಗಿತು. ಸ್ಪ್ರಿಂಗುಗಳು ಪ್ರಾರ್ಥನೆಗೆ ಹೊರಟ ಶಾಲೆಮಕ್ಕಳ ಹಾಗೆ ಸಾಲಾಗಿ ಅಂಚು ಹತ್ತತೊಡಗಿದವು. ತುದಿಯಲ್ಲಿ ಯಂತ್ರದ ಬೆರಳು ಒಂದನ್ನು ಹಿಡಿದು, ಗೂಡಿನ ಮೇಲೆ ತಂದು, ನೇರ ಇಳಿಸಿತು. ಟಿಕ್. ಸುಮನಾಳ ಕೊಕ್ಕೆ ಹಿಡಿದುಕೊಂಡಿತು. ಮತ್ತೆ ಟಿಕ್. ಸುಮನಾ ನನ್ನ ಕೈ ಹಿಡಿದಳು. ಟಿಕ್.

ಆಮೇಲೆ ಒಂದು ಜೋಡಿ ಬಂತು. ಒಂದರ ಬಾಯಲ್ಲಿ ಇನ್ನೊಂದರ ಬಾಲ. ದಾರಿಯ ತುದಿಯಲ್ಲಿ ಸಿಕ್ಕಿಕೊಂಡು ನಿಂತಿತು. ಹಿಂದಿನವು ಬಂದು ಗುಡ್ಡೆಯಾದವು. ಕೆಂಪು ದೀಪ ಹತ್ತಿತು. ಊವೆ ಚಿಮಟದಲ್ಲಿ ಜೋಡಿ ಬಿಡಿಸಿ ಮತ್ತೆ ನಡೆಸಿದ. ಮತ್ತೆ ಜೋಡಿ. ಕೆಂಪು ದೀಪ. ಹಾಗೆಯೇ ಎಷ್ಟೋ ಸಲ.

ಮಾರ್ಟಿನ್ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎದುರು ಮಾತಾಡಬಹುದಿತ್ತು. ಗೂಡು ಚೆನ್ನಾಗಿದೆ, ಇಳಿಯುವುದೂ ಚೆನ್ನಾಗಿದೆ, ಆದರೆ ನಿಲ್ಲುತ್ತಾ ನಡೆಯುವ ಯಂತ್ರ ನನಗೆ ಬೇಡ ಎಂದ. ಸೋಮವಾರ ಬೆಳಿಗ್ಗೆ ಇನ್ನೊಂದು ಸಲ ನೋಡುತ್ತೇನೆ, ಒಂದು ಬೋಗುಣಿ ಪೂರ್ತಿ ನಿಲ್ಲದೆ ಮುಗಿಯಬೇಕು, ಆಗದಿದ್ದರೆ ಬೇರೆಯವರ ಸ್ಪ್ರಿಂಗು ತರಿಸುತ್ತೇನೆ ಎಂದ. ಶುಕ್ರವಾರ ಅವರದು ಮಧ್ಯಾಹ್ನಕ್ಕೇ ಕೆಲಸ ಮುಗಿಯುತ್ತದೆ. ಅವನು ಕೈಕುಲುಕಿ ಹೋದ.

ಊವೆ ಬೋಗುಣಿಯ ಮುಚ್ಚಳ ತೆಗೆದಿಟ್ಟು ಖಾಲಿಮಾಡಲು ಸಜ್ಜಾಗಿದ್ದ. ಸುಮನಾ ಅಲ್ಲೇ ಕಲ್ಲಿನ ಹಾಗೆ ನಿಂತಿದ್ದಳು. ನಾನು ಅವಳ ತೋಳು ಎಳೆದು ಹೇಳಿದೆ, "ಹೋಪ ಮಾರಾಯ್ತಿ. ಹೋಪ, ಹೋಪ."

ಅವರ ಭಾಷೆಯಲ್ಲಿ 'ಹೋಪ್' ಎಂದರೆ 'ಹೂಂ, ನಡಿ, ಬೇಗ' ಎಂದು ಆಮೇಲೆ ತಿಳಿಯಿತು. ಊವೆ ತಲೆಯಾಡಿಸಿ ಹಸಿರು ಗುಂಡಿ ಒತ್ತಿಯೇ ಬಿಟ್ಟ. ಬೋಗುಣಿ ಮುಚ್ಚಳವಿಲ್ಲದೆ ಪೂರ್ತಿ ವೇಗದಲ್ಲಿ ನಡುಗಿತು. ನಮ್ಮ ಸ್ಪ್ರಿಂಗುಗಳು ಅಂಚು ಹಾರಿ ಆ ಹೊಳೆಯುವ ನೆಲದ ಉದ್ದಗಲಕ್ಕೆ ಚೆಲ್ಲಿದವು.

ಮೂವರೂ ಮಂಡಿಯೂರಿ ಹೆಕ್ಕಿದೆವು. ಥಿಯೇಟರಿನಲ್ಲಿ ಕೊನೆಯ ಸೂಜಿ ಸಿಗುವ ತನಕ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ ನಾನು, ಇಲ್ಲೂ ಬಿಡಲಿಲ್ಲ. ಊವೆಯ ಮುಖ ಗಡ್ಡಕ್ಕಿಂತ ಕೆಂಪಾಗಿತ್ತು. ಸುಮನಾ ಅವನಿಗೆ ಇಂಗ್ಲಿಷಿನಲ್ಲಿ, ನಮ್ಮೂರಲ್ಲಿ ಹೋಪ ಎಂದರೆ ಮನೆಗೆ ಹೋಗೋಣ ಎಂದರ್ಥ ಎಂದು ವಿವರಿಸಲು ಹೋಗಿ, ನಗು ಬಂದು, ನಗುತ್ತಿದ್ದಂತೆ ಅಳು ಬಂದು, ಯಂತ್ರದ ಹಿಂದಕ್ಕೆ ಹೋಗಿ ನಿಂತಳು. ಊವೆ ಗಾಬರಿಯಿಂದ ನನ್ನನ್ನು ನೋಡಿದ. ಪರವಾಗಿಲ್ಲ ಎಂದು ಕೈಯಾಡಿಸಿದೆ. ಪರವಾಗಿಲ್ಲ ಎನ್ನುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಶನಿವಾರ, ಅಕ್ಕಿ

ಮರುದಿನ ಸುಮನಾ ಕಿಟಕಿಯ ಹತ್ತಿರ ಕೂತು ಎರಡು ಸ್ಪ್ರಿಂಗು ಕೈಯಲ್ಲಿ ಹಿಡಿದು, ಸಿಕ್ಕಿಸುವುದು, ಬಿಡಿಸುವುದು, ಮತ್ತೆ ಸಿಕ್ಕಿಸುವುದು. "ಜಲಜಕ್ಕ ಅಷ್ಟ್ ಕೇರಿದ್ರಲೆ ಅತ್ತೆ. ಒಂದಾರೂ ಸಿಕ್ಕಂತಾ? ಇಲ್ಲಿಗ್ ಬಂದ್ ಎಂತಾಯ್ತ್ ಇದ್ಕೆ?"

ಊಟದ ಹೊತ್ತಾಗಿತ್ತು. ಇಂಗ್ರಿಡ್‌ಳ ಅಡುಗೆಮನೆಗೆ ಹೋಗಿ, ಅವಳ ಗಾಜಿನ ಬೋಗುಣಿಗೆ ಅಕ್ಕಿ ಹಾಕಿ, ನೀರು ಬಿಟ್ಟು, ಕಲ್ಲು ತಳದಲ್ಲಿ ಉಳಿಯಲೆಂದು ಸುತ್ತ ಆಡಿಸಿ ಗಾಳಿಸತೊಡಗಿದೆ. ಹಿಂದೆ ಬಂದ ಸುಮನಾ ಬಾಗಿಲಿಗೆ ಒರಗಿ ಕೇಳಿದಳು, "ಅತ್ತೆ, ಈ ದೇಶದ್ ಅಕ್ಕೀಲಿ ಕಲ್ಲ್ ಇರತ್ತಾ?"

"ಇಲ್ಲ ಅಂದೇಳಿ ಗಾಳ್ಸುದ್ ಬಿಡುಕಾತ್ತಾ?"

"ಕಲ್ಲೇ ಇಲ್ದಿದ್ದಲ್ಲಿ ಎಂತ ಗಾಳ್ಸುದ್ ಮಾರಾಯ್ತಿ?"

ಅತ್ತೆಯನ್ನು ಮಾರಾಯ್ತಿ ಎನ್ನುವಷ್ಟು ಅವಳ ತಲೆ ಕೆಟ್ಟಿತ್ತು. ನಾನು ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತೆ. ಗಾಜಿನ ಬೋಗುಣಿಯಾದ್ದರಿಂದ ಒಳಗಿನದು ಮಗ್ಗುಲಿನಿಂದ ಕಾಣುತ್ತಿತ್ತು. ಅಕ್ಕಿ ಮೇಲಕ್ಕೆ ಹಾರುತ್ತಿರಲಿಲ್ಲ. ಸುತ್ತು ಹೊಡೆಯುತ್ತ, ಒಂದು ಕಾಳಿನ ಹಿಂದೆ ಇನ್ನೊಂದು, ತಲೆಗೆ ಬಾಲ ತಾಗಿಸಿಕೊಂಡು ಅಂಚಿನ ಕಡೆ ಸರಿಯುತ್ತಿತ್ತು. ನಿನ್ನೆ ಯಂತ್ರದ ಬೋಗುಣಿಯಲ್ಲಿ ಕಂಡದ್ದು ಇದನ್ನೇ.

"ಸುಮನಾ, ಅದ್ ಕೇರುದಲ್ಲ," ಎಂದೆ. "ಆ ಯಂತ್ರ ಗಾಳ್ಸುದ್."

ಕೇರುವಾಗ ಕಾಳು ಮೇಲೆ ಹಾರಿ, ಗಾಳಿಯಲ್ಲಿ ಒಂದನ್ನೊಂದು ಬಿಟ್ಟು ದೂರವಾಗಿ ಬೀಳುತ್ತದೆ. ಬಿಡಿಸಲೆಂದೇ ಕೇರುವುದು. ಗಾಳಿಸುವಾಗ ಒಂದು ಇನ್ನೊಂದನ್ನು ತಳ್ಳುತ್ತ ಒಟ್ಟಾಗುತ್ತದೆ. ನಾವು ಬ್ರಹ್ಮಾವರದಲ್ಲಿ ಸ್ಪ್ರಿಂಗನ್ನು ಪರೀಕ್ಷೆ ಮಾಡಿದ್ದೇ ತಪ್ಪು ಪಾತ್ರೆಯಲ್ಲಿ. ಗೆರ್ಸಿಗೆ ಹಾಕಿದರೆ ಜಗತ್ತಿನ ಯಾವ ಸ್ಪ್ರಿಂಗೂ ಪಾಸಾಗುತ್ತಿತ್ತು.

ಸುಮನಾ ಓಡಿಹೋಗಿ ಡಬ್ಬಿ ತಂದಳು. ಅಕ್ಕಿಯನ್ನು ಪಾತ್ರೆಗೆ ಬಗ್ಗಿಸಿ, ಬೋಗುಣಿ ಒರೆಸಿ, ಸ್ಪ್ರಿಂಗು ಹಾಕಿ ಗಾಳಿಸಿದೆ. ಸ್ವಲ್ಪ ಹೊತ್ತಿಗೇ ಜೋಡಿಗಳು ಕಾಣಿಸಿಕೊಂಡವು. ರೋಗ ಕಣ್ಣೆದುರು ಬಂದರೆ ಅರ್ಧ ಗುಣವಾದ ಹಾಗೆ. ಅವಳು ಒಂದು ಜೋಡಿ ಎತ್ತಿ ಬೆಳಕಿಗೆ ಹಿಡಿದಳು. ಸ್ಪ್ರಿಂಗು ಹೇರ್‌ಪಿನ್ನಿನ ಹಾಗೆ ಮಡಚಿದ ಪಟ್ಟಿ. ಮಡಚಿದ ಎರಡು ಕಾಲುಗಳ ನಡುವಿನ ಬಾಯಿ, ಪಟ್ಟಿಯ ದಪ್ಪಕ್ಕಿಂತ ಕೂದಲೆಳೆಯಷ್ಟು ಅಗಲವಾಗಿತ್ತು. ಹಾಗಾಗಿ ಒಂದರ ಬಾಯಿಗೆ ಇನ್ನೊಂದರ ಬಾಲ ಹೊಗುತ್ತಿತ್ತು.

"ಬಾಲದ್ ತುದಿ ಒಳ್ಗ್ ಬಗ್ಸಿ ಬಾಯಿ ಸಣ್ಣ ಮಾಡಿರ್ ಸಾಕ್ ಅತ್ತೆ," ಎಂದಳು. "ವಯರ್ ಕಚ್ಚು ಬದಿ ಬ್ಯಾರೆ. ಅದ್ಕೆಂತ ಆತಿಲ್ಲ."

ಊಟ ಮಾಡಿಯೇ ಹೊರಡಿಸಿದೆ. ಅಂಗಡಿಗಳು ಮುಚ್ಚುವ ಮುಂಚೆ ಒಂದು ಸಣ್ಣ ಸುತ್ತಿಗೆ, ಒಂದು ಇಕ್ಕಳ ಕೊಂಡೆವು. ಆ ಸಂಜೆ ಇಕ್ಕಳದಲ್ಲಿ ಬಗ್ಗಿಸಿ ನೋಡಿದೆವು. ಉಕ್ಕು ಬಗ್ಗಿದ ಹಾಗೆ ಮಾಡಿ ಮತ್ತೆ ಎದ್ದು ನಿಲ್ಲುತ್ತಿತ್ತು. ನಾಳೆ ಸುತ್ತಿಗೆಯಲ್ಲಿ ನೋಡುವ ಎಂದು ಮಲಗಿದೆವು.

ಆದಿತ್ಯವಾರ

ಬೆಳಿಗ್ಗೆ ತಿಂಡಿಯಾದ ಕೂಡಲೇ ಹಿತ್ತಲ ಕಲ್ಲುಮೆಟ್ಟಿಲ ಮೇಲೆ ಕೂತೆವು. ಸುಮನಾ ಸ್ಪ್ರಿಂಗು ಹಿಡಿದಳು, ನಾನು ಸುತ್ತಿಗೆ ಹಿಡಿದೆ. ಟಣ್. ಟಣ್. ಟಣ್. ಪಕ್ಕದ ಮನೆಯ ಕಿಟಕಿಯೊಂದು ತೆರೆಯಿತು. ಎದುರು ಮನೆಯದೂ ತೆರೆಯಿತು. ನಾನು ಅವರಿಗೆ ನಮಸ್ಕಾರ ಮಾಡಿ ಮತ್ತೆ ಟಣ್ ಎನ್ನಿಸಿದೆ.

ಇಂಗ್ರಿಡ್ ಮನೆಯೊಳಗಿನಿಂದ ಧಾವಿಸಿ ಬಂದಳು. ತುಟಿಯ ಮೇಲೆ ಬೆರಳು. "ಸೊನ್‌ಟಾಗ್! ಸೊನ್‌ಟಾಗ್!"

ಅಂದರೆ ಆದಿತ್ಯವಾರ. ಆ ದಿನ ಅಲ್ಲಿ ಸುತ್ತಿಗೆ ಬಡಿಯುವ ಹಾಗಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವ ಹಾಗಿಲ್ಲ, ಬಾಟಲಿಗಳನ್ನು ಡಬ್ಬಿಗೆ ಎಸೆದು ಸದ್ದು ಮಾಡುವ ಹಾಗೂ ಇಲ್ಲ. ಅದು ಬರಿಯ ರೂಢಿಯಲ್ಲ, ಕಾನೂನು. ನಮ್ಮಲ್ಲಿ ಆದಿತ್ಯವಾರ ಎಂದರೆ ಬಾವಿಕಟ್ಟೆ ರಿಪೇರಿ, ತೆಂಗಿನಕಾಯಿ ಕೀಳಿಸುವುದು, ಮೈಕಿನಲ್ಲಿ ಯಾರದೋ ಮದುವೆ. ನನ್ನ ಮುಖ ಬಿಸಿಯಾಯಿತು. ವಾರ್ಡಿನಲ್ಲಿ ಚಪ್ಪಲಿ ಸದ್ದು ಮಾಡಿದ ನರ್ಸುಗಳನ್ನು ತುಟಿಯ ಮೇಲೆ ಇದೇ ಬೆರಳಿಟ್ಟು ಗದರಿಸಿದವಳು ನಾನು. ಈಗ ಸುತ್ತಿಗೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ.

ಸುಮನಾ ಎದ್ದು ನಿಂತು ಎಲ್ಲ ಹೇಳಿದಳು. ಸ್ಪ್ರಿಂಗು ತೋರಿಸಿದಳು, ಜೋಡಿ ತೋರಿಸಿದಳು, ನಾಳೆ ಬೆಳಿಗ್ಗೆ ಎಂದಳು. ಫೋನಿನಲ್ಲಿದ್ದ ಶೆಡ್ಡಿನ ಫೋಟೋ ತೋರಿಸಿದಳು, ಮೇಜಿನ ಸುತ್ತ ಹೆಂಗಸರು, ಹಿಂದಿನ ಗೋಡೆಗೆ ಗೆರ್ಸಿ. ಇಂಗ್ರಿಡ್ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು, ಕಸಿದ ಹಾಗೆ ಅಲ್ಲ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ. ಬನ್ನಿ ಎಂದು ಬೆರಳಾಡಿಸಿದಳು.

ನೆಲಮಾಳಿಗೆಯಲ್ಲಿ ಅವಳ ತೀರಿಹೋದ ಗಂಡನ ಹತ್ಯಾರುಗಳಿದ್ದವು. ಒಂದೊಂದೂ ಅದರದರ ಮೊಳೆಯಲ್ಲಿ. ಬೆಂಚಿನ ಅಂಚಿಗೆ ಒಂದು ಬೆಂಚ್‌ವೈಸು, ಎರಡು ದವಡೆಗಳ ನಡುವೆ ವಸ್ತು ಇಟ್ಟು ಹಿಡಿ ತಿರುಗಿಸಿದರೆ ಬಿಗಿಯುವಂಥದ್ದು. ಇಂಗ್ರಿಡ್ ಹಿಡಿ ತಿರುಗಿಸಿ ತೋರಿಸಿದಳು. ಸದ್ದೇ ಇಲ್ಲ. "ಸೊನ್‌ಟಾಗ್" ಎಂದು ಮೊದಲ ಸಲ ನಕ್ಕಳು.

ಸುಮನಾ ಒಂದು ಸ್ಪ್ರಿಂಗು ಇಟ್ಟು ಬಿಗಿದಳು. ಬಡಿದಾಗ ಒಂದೊಂದು ಒಂದೊಂದು ಥರ ಬಗ್ಗುತ್ತಿತ್ತು. ಇಲ್ಲಿ ನಿಧಾನ ಒತ್ತಡಕ್ಕೆ ಅಚ್ಚುಕಟ್ಟಾಗಿ ಬಗ್ಗಿತು, ಬಗ್ಗಿದ್ದು ಹಾಗೇ ನಿಂತಿತು. ಆದರೆ ಪ್ರತಿ ಸಲವೂ ಅಷ್ಟೇ ಬಗ್ಗಬೇಕಲ್ಲ. ದವಡೆಗಳು ಅಷ್ಟಕ್ಕೇ ನಿಲ್ಲಲು ನಡುವೆ ಅಡ್ಡಕ್ಕೆ ಏನಾದರೂ ಬೇಕು ಎಂದು ಸುತ್ತ ಹುಡುಕಿದಳು. ಮೊಳೆ ದಪ್ಪವಾಯಿತು, ಬ್ಲೇಡು ತೆಳುವಾಯಿತು. ಇಂಗ್ರಿಡ್ ಮೇಲೆ ಹೋಗಿ ಒಂದು ಬೆಣ್ಣೆಚಾಕು ತಂದಳು. ಅದು ಸರಿಹೋಯಿತು. ಆ ಬೆಣ್ಣೆಚಾಕಿನ ದಪ್ಪವೇ ಇವತ್ತಿಗೂ ನಮ್ಮ ಪ್ರೆಸ್ಸಿನ ಅಳತೆ ಎಂದರೆ ಮಾರ್ಟಿನ್ ನಂಬಲಾರ.

ಮೂವರೂ ಸರದಿ ಹಾಕಿಕೊಂಡೆವು. ಒಬ್ಬರು ಇಡುವುದು, ಒಬ್ಬರು ಹಿಡಿ ತಿರುಗಿಸುವುದು, ಒಬ್ಬರು ತೆಗೆದು ಗಾಜಿನ ಬೋಗುಣಿಗೆ ಹಾಕುವುದು. ಇಂಗ್ರಿಡ್ ತಪ್ಪು ಬಗ್ಗಿದ್ದನ್ನು ನನಗಿಂತ ಮೊದಲು ಹಿಡಿಯುತ್ತಿದ್ದಳು. ಬೇರೆ ಡಬ್ಬಿ ಕೇಳಿದಳು, ತಪ್ಪಾದವಕ್ಕೆ. ಇವಳನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದರೆ ನನಗೆ ಕೆಲಸವಿರುವುದಿಲ್ಲ ಎಂದುಕೊಂಡೆ. ಮೂರು ಗಂಟೆಗೆ ಅವಳು ಕೈ ತೊಳೆದಳು. ಮೂರಕ್ಕೆ ಕಾಫಿ, ಕೇಕು. ಇನ್ನೂ ಅಷ್ಟು ಉಳಿದಿದೆ ಎಂದು ಸುಮನಾ ಗೋಗರೆದರೂ ಕೇಳಲಿಲ್ಲ. ನಾನು ಇಂಗ್ರಿಡ್‌ಳ ಪಕ್ಷ ಹಿಡಿದೆ. ದಣಿದ ಕೈ ತಪ್ಪು ಮಾಡುತ್ತದೆ.

ಸಂಜೆಗೆ ಡಬ್ಬಿ ತುಂಬಿತು. ಎರಡು ಹಿಡಿ ಸ್ಪ್ರಿಂಗನ್ನು ಗಾಜಿನ ಬೋಗುಣಿಗೆ ಹಾಕಿ ಗಾಳಿಸಿದೆ. ಕೈ ಸೋಲುವ ತನಕ ಗಾಳಿಸಿದೆ. ಜೋಡಿಯಾಗಲಿಲ್ಲ. ಬಗ್ಗಿಸಿದ ಬಾಲ ಗೂಡಿನ ಗೋಡೆಗೆ ತಾಗೀತೇ ಎಂಬ ಭಯವಿತ್ತು. ಕೈಯಲ್ಲಿ ಇಳಿಸಿ ನೋಡಿದರೆ ಮೊದಲಿಗಿಂತ ಸಲೀಸು.

ಸೋಮವಾರ

ಮಾರ್ಟಿನ್ ಕೈಕಟ್ಟಿ ನಿಂತ. ಊವೆ ನಮ್ಮ ಸ್ಪ್ರಿಂಗು ಸುರಿದ, ಮುಚ್ಚಳ ಹಾಕಿದ, ಹಾಕಿದ್ದೇನೆ ಎಂದು ತೋರಿಸಲು ಅದರ ಮೇಲೆ ಎರಡು ಸಲ ತಟ್ಟಿದ. ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದ.

"ಹೋಪ?"

"ಹೋಪ," ಎಂದೆ.

ಬೋಗುಣಿ ನಡುಗಿತು. ಸಾಲು ಹತ್ತಿತು. ಟಿಕ್. ಟಿಕ್. ಟಿಕ್. ನಾನು ಸ್ಪ್ರಿಂಗು ನೋಡಲಿಲ್ಲ, ಕೆಂಪು ದೀಪವನ್ನೇ ನೋಡುತ್ತಿದ್ದೆ. ಸುಮನಾ ದೀಪವನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಒಮ್ಮೆ ಎರಡು ಸ್ಪ್ರಿಂಗು ಅಕ್ಕಪಕ್ಕ ಬಂದು ದಾರಿಯ ತುದಿಯಲ್ಲಿ ತಡವರಿಸಿದವು. ಒಂದು ಜಾರಿ ಕೆಳಗೆ ಬಿತ್ತು, ಇನ್ನೊಂದು ಮುಂದೆ ಹೋಯಿತು. ಟಿಕ್. ದೀಪ ಹತ್ತಲಿಲ್ಲ. ಬೋಗುಣಿಯ ತಳ ಕಾಣಿಸಿತು. ಕೊನೆಯದೊಂದು ಒಂಟಿಯಾಗಿ ಘಾಟಿ ಹತ್ತಿ, ಟಿಕ್ ಎಂದಿತು. ಯಂತ್ರ ಸಾಮಾನು ಮುಗಿದು ತಾನಾಗಿ ನಿಂತಿತು.

ಮಾರ್ಟಿನ್ ಒಂದು ಟರ್ಮಿನಲ್ ಎತ್ತಿ, ವಯರು ತಳ್ಳಿ, ಎಳೆದು ನೋಡಿದ. ಬರಲಿಲ್ಲ. "ಪಾಸ್ಟ್" ಎಂದ.

ನನಗೆ ಕೇಳಿಸಿದ್ದು 'ಫಾಸ್ಟ್'. ಇನ್ನೂ ವೇಗ ಬೇಕಂತೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಸುಮನಾ ನನ್ನನ್ನು ಅಪ್ಪಿಕೊಂಡಾಗಲೂ ಸಮಾಧಾನಕ್ಕೇ ಅಪ್ಪಿಕೊಂಡಳು ಎಂದು ತಿಳಿದು, "ಹೆದ್ರಬೇಡ, ಬ್ಯಾರೆ ಎಂತಾರು ಮಾಡುವ" ಎಂದು ಬೆನ್ನು ತಟ್ಟಿದೆ.

"ಎಂತ ಹೆದ್ರುದ್ ಅತ್ತೆ! ಹೊಂದತ್ತ್ ಅಂದೇಳಿ ಅವ್ರ್ ಹೇಳಿದ್. ನಮ್ದೇ ಸ್ಪ್ರಿಂಗ್ ಅಂಬ್ರ್!"

ನಾನು ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತೆ. ಅದು ಕೂರುವ ಸ್ಟೂಲಲ್ಲ, ಹತ್ಯಾರಿನದು ಎಂದು ಅದರ ಮೇಲೆ ಬರೆದಿತ್ತಂತೆ. ಊವೆ ಎಬ್ಬಿಸಲಿಲ್ಲ, ನೀರು ತಂದುಕೊಟ್ಟ. ಶಾಸ್ತ್ರಿ ಸರ್ಕಲಿನ ಜನರ ನೆನಪಾಯಿತು.

ಹೊರಡುವಾಗ ಇಂಗ್ರಿಡ್ ಆ ಬೆಣ್ಣೆಚಾಕನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ನಾನು ಬದಲಿಗೆ ಏನು ಕೊಡಲಿ? ನಮ್ಮ ಒಂದು ಟರ್ಮಿನಲ್ ಕೊಟ್ಟೆ, ಹೇಗೆ ಬಿಡಿಸುವುದೆಂದು ತೋರಿಸಿಕೊಟ್ಟೆ. ಅವಳು ಅದನ್ನು ನೆಲಮಾಳಿಗೆಗೆ ಕೊಂಡುಹೋಗಿ, ಒಂದು ಖಾಲಿ ಮೊಳೆ ಹುಡುಕಿ ನೇತುಹಾಕಿದಳು.

ಮತ್ತೆ ಬ್ರಹ್ಮಾವರ

ಸುದ್ದಿಯನ್ನು ಸುಮನಾ ಅಲ್ಲಿಂದಲೇ ಫೋನಿನಲ್ಲಿ ಹೇಳಿದ್ದಳು. ಅವಳನ್ನು ಯಡ್ತರೆಗೆ ಕರೆದೊಯ್ಯಲು ಗಂಡ ಬಂದಿದ್ದ. ಒಂದು ದಿನ ಮಲಗು ಎಂದು ಕಳಿಸಿದೆ. ನನಗೆ ಮಾತ್ರ ಮರುದಿನ ಬೆಳಿಗ್ಗೆ ಎಂದಿನ ಬಸ್ಸು ತಪ್ಪಿಸಲು ಮನಸ್ಸಾಗಲಿಲ್ಲ. ಕುಂದಾಪುರದಲ್ಲಿ ಹತ್ತಿದ ಎರಡನೆಯ ಬಸ್ಸು ಹೆಮ್ಮಾಡಿ ಕಡೆಯಿಂದಲೇ ತುಂಬಿ ಬಂದಿತ್ತು. ನಿಂತುಕೊಂಡೇ ಹೋದೆ. ಒಬ್ಬಳ ಬುಟ್ಟಿ ನನ್ನ ಕಾಲ ಮೇಲಿತ್ತು, ಇನ್ನೊಬ್ಬಳು ಪೂರ್ತಿ ದಾರಿ ಅತ್ತೆಯ ಮನೆಯ ಸಂಗತಿ ಹೇಳಿದಳು. ಏನು ಸುಖ!

ಶೆಡ್ಡಿನಲ್ಲಿ ನನ್ನ ಸ್ಟೋರಿನ ಡಬ್ಬಿಗಳು ಅದಲುಬದಲಾಗಿದ್ದವು. ಅದನ್ನು ಆಮೇಲೆ ನೋಡಿಕೊಂಡೆ. ಮೊದಲು ಎಲ್ಲರನ್ನೂ ಕೂರಿಸಿ, ಯಂತ್ರ ಹೇಗಿತ್ತು, ಸ್ಪ್ರಿಂಗು ಯಾಕೆ ಸಿಕ್ಕಿತು, ಹೇಗೆ ಬಿಟ್ಟಿತು ಎಂದು ಹೇಳಿದೆ. ಭಾಸ್ಕರ ಬೆಣ್ಣೆಚಾಕನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಹೆಣ್ಣುಮಗು.

ಜಲಜಕ್ಕ ಹಿಂದೆ ನಿಂತಿದ್ದಳು. "ಹಾಂಗಾರೆ ನಾ ಕೇರಿದ್ದೇ ತಪ್ಪಾ?"

"ಕೇರಿದ್ದ್ ತಪ್ಪಲ್ಲ ಮಾರಾಯ್ತಿ. ಕೇರಿ ಸಾಕ್ ಅಂದೇಳಿ ಒಪ್ಪಿದವ್ರಲ್ಲಿ ನಾನೂ ಇದ್ದೆ. ಅದ್ ಗಾಳ್ಸು ಯಂತ್ರ ಅಂದೇಳಿ ಇಲ್ಲಿ ಯಾರಿಗ್ ಗೊತ್ತಿತ್ತ್?"

"ಸೈ. ಇನ್ನ್ ಗಾಳ್ಸುಕೆ ಒಂದ್ ಬೋಗುಣಿ ತಂದಿಡಿ ಇಲ್ಲಿ." ನಮ್ಮ ಕೆಲಸ ಉಳಿಯಿತು ತಾನೆ ಎಂದು ಫೋನಿನಲ್ಲಿ ಕೇಳಿದ್ದನ್ನೇ ಅವಳು ಮತ್ತೆ ಕೇಳಿದಳು. "ಕೆಲ್ಸ ಇತ್ತಲೆ?"

"ಇತ್ತ್."

"ಎಲ್ಲರಿಗೂ?"

"ಎಲ್ಲರಿಗೂ."

ಅವಳು ಸೀದಾ ಗೋಡೆಯ ಹತ್ತಿರ ಹೋದಳು. ಮೊಳೆಯಿಂದ ಗೆರ್ಸಿ ತೆಗೆದು, ಮಗುಚಿ ಹಿಂದಕ್ಕೆ ಎರಡು ಪೆಟ್ಟು ಕೊಟ್ಟಳು. ಹೆಣಿಗೆಯ ಸಂದಿನಿಂದ ಒಂದು ಹಳೆಯ ಸ್ಪ್ರಿಂಗು ಉದುರಿ ನೆಲಕ್ಕೆ ಬಿತ್ತು. ಹೆಕ್ಕಿ ನನ್ನ ಕೈಗೆ ಹಾಕಿದಳು.

"ಇದ್ ನಿಮ್ ಸ್ಟೋರಿಂದ್. ಗೆರ್ಸಿ ನಾ ತಕಂಡ್ ಹೋತೆ. ಮನೇಲಿ ಅಕ್ಕಿ ಕೇರುಕಿತ್ತ್."